ಶಿವರುದ್ರಸ್ವಾಮಿಯವರ ಎಲೆಯ ಪಾಠ

(ಕೊಳ್ಳೇಗಾಲದ ಒಂದು ಕಾಲೇಜಿನ ಸಭಾಂಗಣದಲ್ಲಿ, 1973ರ ಆಗಸ್ಟ್ ತಿಂಗಳಲ್ಲಿ, ಇಂಗ್ಲಿಷ್ ಅಧ್ಯಾಪಕ ಸದಾಶಿವಪ್ಪ ಆಡಿದ ಮಾತು)

ವೇದಿಕೆಯ ಮೇಲಿರುವ ಪ್ರಿನ್ಸಿಪಾಲರೇ, ಆಡಳಿತ ಮಂಡಳಿಯ ಹಿರಿಯರೇ, ನನ್ನ ಸಹೋದ್ಯೋಗಿಗಳೇ, ಹನೂರು ಕಡೆಯಿಂದ ಬೆಳಗಿನ ಬಸ್ಸಿಗೇ ಹೊರಟು ಬಂದಿರುವ ಬಂಧುಗಳೇ, ಯಳಂದೂರಿನಿಂದ ಬಂದಿರುವ ಸ್ನೇಹಿತರೇ, ಹಳೆಯ ವಿದ್ಯಾರ್ಥಿಗಳೇ, ಹೊಸ ವಿದ್ಯಾರ್ಥಿಗಳೇ — ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಶಿವರುದ್ರಸ್ವಾಮಿಯವರ ತಾಯಿ ಚನ್ನಮಲ್ಲಮ್ಮನವರು ಕೂತಿದ್ದಾರೆ. ಪಕ್ಕದಲ್ಲಿ ಅವರ ಶ್ರೀಮತಿ ಶಂಕರಮ್ಮನವರು. ತಾಯಿ, ನಿಮ್ಮಿಬ್ಬರಿಗೂ ಬೇರೆಯಾಗಿ ಕೈ ಮುಗಿಯುತ್ತೇನೆ.

ಶಿವರುದ್ರಸ್ವಾಮಿಯವರು ಅರವತ್ತನಾಲ್ಕರಲ್ಲಿ ಈ ಕಾಲೇಜಿಗೆ ಸಸ್ಯಶಾಸ್ತ್ರದ ಅಧ್ಯಾಪಕರಾಗಿ ಬಂದರು. ಮೂರು ವರ್ಷ ಪಾಠ ಮಾಡಿದರು. ಆಮೇಲಿನ ಆರು ವರ್ಷ ಇದೇ ಕಾಲೇಜಿನ ಲೈಬ್ರರಿಯಲ್ಲಿ ಕೂತಿದ್ದರು. ಹೋದ ತಿಂಗಳು ಕಾಮಾಲೆ ಹಿಡಿಯಿತು. ಹತ್ತೇ ದಿನ. ನಲವತ್ತೊಂದು ವರ್ಷ ವಯಸ್ಸು, ಸಾಯುವ ವಯಸ್ಸಲ್ಲ ಅದು.

ನನಗಿಂತ ಮುಂಚೆ ಮಾತಾಡಿದವರು ಅವರ ಸರಳತೆ ಹೇಳಿದರು, ಸಜ್ಜನಿಕೆ ಹೇಳಿದರು. ಎಲ್ಲ ನಿಜ. ಆದರೆ ಒಬ್ಬರೂ ಒಂದು ಪ್ರಶ್ನೆ ಎತ್ತಲಿಲ್ಲ. ಅಷ್ಟು ಚೆನ್ನಾಗಿ ಪಾಠ ಮಾಡುತ್ತಿದ್ದ ಮನುಷ್ಯ — ಲೈಬ್ರರಿಗೆ ಯಾಕೆ ಹೋದರು?

ಉತ್ತರ ನನ್ನ ಹತ್ತಿರ ಇದೆ. ನಾನು ಕಳಿಸಿದೆ.

ಹೌದು, ನಾನೇ. ನಾನು ಬರೆದ ಒಂದು ಪತ್ರದಿಂದ ಅವರ ಪಾಠ ನಿಂತುಹೋಯಿತು. ಇದನ್ನು ಆ ತಾಯಿಯ ಎದುರಿಗೆ ಹೇಳದೆ, ಫೋಟೋಗೆ ಒಂದು ಹಾರ ಹಾಕಿ ಇಳಿದುಬಿಟ್ಟರೆ ನಾನು ಮನುಷ್ಯನಲ್ಲ. ಅದಕ್ಕೇ ಧೈರ್ಯ ಇರುವಾಗಲೇ ಹೇಳಿಬಿಟ್ಟೆ. ಇನ್ನು ಅದು ಹೇಗಾಯಿತು ಅನ್ನುವುದನ್ನು ಹೇಳಬೇಕು. ಸ್ವಲ್ಪ ಹೊತ್ತು ಹಿಡಿಯುತ್ತದೆ, ದಯವಿಟ್ಟು ತಾಳ್ಮೆಯಿಂದ ಕೇಳಿ.

ಮೊದಲು ನನ್ನ ವಿಷಯ ಸ್ವಲ್ಪ. ನಾನು ಇದೇ ಕೊಳ್ಳೇಗಾಲದವನು. ಐವತ್ತಾರಕ್ಕೆ ಮುಂಚೆ ಈ ಊರು ಮೈಸೂರಿನದಲ್ಲ, ಕೊಯಮತ್ತೂರು ಜಿಲ್ಲೆಯದು — ಹಿರಿಯರಿಗೆ ನೆನಪಿರುತ್ತದೆ. ಹಾಗಾಗಿ ನಾನು ಕಾಲೇಜಿಗೆ ಹೋದದ್ದೂ ಕೊಯಮತ್ತೂರಿಗೇ. ಕ್ಲಾಸಿನ ಒಳಗೆ ಇಂಗ್ಲಿಷು, ಹೊರಗೆ ತಮಿಳು. ತಮಿಳು ನನಗೆ ಸಂತೆಯಲ್ಲಿ ಈರುಳ್ಳಿ ಕೊಳ್ಳುವಷ್ಟು ಬರುತ್ತಿತ್ತು. ಇಂಗ್ಲಿಷು ಅಷ್ಟೂ ಇಲ್ಲ. ಏನು ಮಾಡುತ್ತಿದ್ದೆ ಗೊತ್ತೇ? ಮೇಷ್ಟ್ರು ನಕ್ಕಾಗ ನಾನೂ ನಗುತ್ತಿದ್ದೆ. ಪಕ್ಕದವನ ಪೆನ್ನು ಓಡಿದರೆ ನನ್ನದೂ ಓಡಬೇಕು. ಅವನದು ನಿಂತರೆ — ನನ್ನದೂ ನಿಲ್ಲಬೇಕು! ಎರಡು ವರ್ಷ ಹೀಗೇ ಕಳೆದೆ.

ಆಮೇಲೆ ಕಲಿತೆ. ಹಠ ಹಿಡಿದು ಕಲಿತೆ, ಅವಮಾನ ನುಂಗಿಕೊಂಡು ಕಲಿತೆ. ಅಷ್ಟು ಕಷ್ಟಪಟ್ಟು ಬಂದ ವಿದ್ಯೆ ನೋಡಿ, ಅದರ ಜೊತೆಗೆ ಸೊಕ್ಕೂ ಬಂತು. ಹಳ್ಳಿಯ ಮಕ್ಕಳು ನನ್ನ ಕ್ಲಾಸಿನಲ್ಲಿ ಕಣ್ಣು ಕಣ್ಣು ಬಿಡುವಾಗ ನನಗೆ ಅನ್ನಿಸುತ್ತಿದ್ದದ್ದು ಒಂದೇ. ನಾನು ಪಟ್ಟಿದ್ದೇನೆ, ಇವರೂ ಪಡಲಿ.

ಶಿವರುದ್ರಸ್ವಾಮಿಯವರಿಗೆ ಹಾಗೆ ಅನ್ನಿಸಲಿಲ್ಲ. ಆದರೆ ಒಂದು ಮಾತು, ಅವರೂ ಮೊದಲಿನಿಂದ ಹಾಗಿರಲಿಲ್ಲ. ಎಲ್ಲರಂತೆ ಅವರೂ ನೋಟ್ಸ್ ಓದುತ್ತಿದ್ದವರೇ. ನಮ್ಮ ಪದ್ಧತಿ ನಿಮಗೆ ಗೊತ್ತೇ ಇದೆ. ಮೇಷ್ಟ್ರು ಇಂಗ್ಲಿಷಿನಲ್ಲಿ ನೋಟ್ಸ್ ಓದುವುದು, ಮಕ್ಕಳು ಬರೆದುಕೊಳ್ಳುವುದು. ಓದುವವನ ಕಣ್ಣು ಹಾಳೆಯ ಮೇಲೆ. ಬರೆಯುವವನ ಕಣ್ಣೂ ಹಾಳೆಯ ಮೇಲೆ. ಹತ್ತು ವರ್ಷ ಕನ್ನಡದಲ್ಲಿ ಓದಿದ ಮಗು, ಜೂನ್ ತಿಂಗಳ ಒಂದು ಬೆಳಿಗ್ಗೆ ಪಿ.ಯು.ಸಿ. ಬೆಂಚಿನ ಮೇಲೆ ಕೂತರೆ ಎಲ್ಲವೂ ಇಂಗ್ಲಿಷು. ಅರ್ಥವಾಯಿತೇ ಎಂದರೆ ಅರವತ್ತೆಂಟು ಕಂಠದಿಂದ 'ಎಸ್ ಸಾ!' ಅಲ್ಲಿಗೆ ಪಾಠ ಮುಗಿಯಿತು.

ಅರವತ್ತಾರರಲ್ಲಿ ಒಂದು ಪ್ರಸಂಗ ನಡೆಯಿತು. ಅದನ್ನು ಹೇಳುತ್ತೇನೆ.

ಚನ್ನಮಲ್ಲಮ್ಮನವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹನೂರು ಕಡೆಯ ಎಷ್ಟೋ ಮನೆಗಳಲ್ಲಿ ಸಾಕುತ್ತಾರೆ. ಯಾರೋ ಇವರಿಗೆ ಹುಳು ಸಾಕಾಣಿಕೆಯ ಒಂದು ಇಂಗ್ಲಿಷ್ ಪುಸ್ತಿಕೆ ತಂದುಕೊಟ್ಟರಂತೆ. ಅದನ್ನು ಮಗನ ಕೈಗೆ ಕೊಟ್ಟು ಈ ತಾಯಿ, "ಅದರಲ್ಲಿ ಏನ್ ಬರ್ದವ್ರೆ, ಒಸಿ ನೋಡಿ ಯೇಳ್ಲಾ" ಅಂದರು. ಪುಸ್ತಿಕೆ ವಾಪಸು ಕೊಡಬೇಕಿತ್ತು. ಇವರು ಎರಡು ಪುಟ ನಕಲು ಮಾಡಿಕೊಂಡರು — ಆಮೇಲೆ ಕನ್ನಡ ಮಾಡಿ ಅಮ್ಮನಿಗೆ ಓದಿ ಹೇಳೋಣ ಅಂತ. ಆ ಹಾಳೆ ಹೋಗಿ ಕ್ಲಾಸಿನ ನೋಟ್ಸಿನ ನಡುವೆ ಸೇರಿಕೊಂಡಿತು. ಅದೇ ಗೆರೆ ಹಾಳೆ, ಅದೇ ಶಾಯಿ.

ಮಾರನೆಯ ದಿನ ಎಲೆಯ ಪಾಠ. ಎಲೆ ಏನೇನು ಕೆಲಸ ಮಾಡುತ್ತದೆ. ಸೂರ್ಯನ ಬೆಳಕಿನಲ್ಲಿ ಆಹಾರ ತಯಾರಿಸುತ್ತದೆ, ನೀರನ್ನು ಆವಿಯಾಗಿ ಹೊರಗೆ ಬಿಡುತ್ತದೆ — ಇಷ್ಟು ಓದಿ ಪುಟ ತಿರುಗಿಸಿದರು. (ಹೀಗೆ.) ಆ ಕಡೆ ಏನಿತ್ತು? ಎಲೆಯನ್ನು ಸಣ್ಣಗೆ ಹೆಚ್ಚಬೇಕು. ಹೊಸ ಎಲೆ ಹಾಕುವ ಮುಂಚೆ ಹಳೆಯದನ್ನು ತೆಗೆದು ತಟ್ಟೆ ಚೊಕ್ಕಟ ಮಾಡಬೇಕು. ಹುಳು ಪೊರೆ ಬಿಡಲು ಕೂತಾಗ ಎಲೆ ಹಾಕಬಾರದು. ಎಲ್ಲ ಇಂಗ್ಲಿಷಿನಲ್ಲಿ. ಇವರು ನಿಧಾನವಾಗಿ, ಒಂದೊಂದು ವಾಕ್ಯವನ್ನು ಎರಡೆರಡು ಸಲ ಓದಿ, ಪೂರ್ತಿ ಬರೆಸಿದರು.

ಅರವತ್ತೆಂಟು ಮಂದಿ ಬರೆದುಕೊಂಡರು. ಒಬ್ಬರೂ — ಒಬ್ಬರೂ — ತಲೆ ಎತ್ತಲಿಲ್ಲ.

ಸ್ವಲ್ಪ ಯೋಚನೆ ಮಾಡಿ. ಆ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಆವತ್ತು ಬೆಳಿಗ್ಗೆ ಅದೇ ಕೆಲಸ ಮಾಡಿ ಬಂದಿದ್ದರು. ಕಡ್ಡಿಯಿಂದ ಹಿಪ್ಪುನೇರಳೆ ಸೊಪ್ಪು ಬಿಡಿಸಿ, ಹೆಚ್ಚಿ, ತಟ್ಟೆಗೆ ಹಾಕಿ, ಕೈ ತೊಳೆದು ಬಸ್ಸು ಹತ್ತಿದ್ದರು. ಬೆರಳಿನಲ್ಲಿ ಇನ್ನೂ ಸೊಪ್ಪಿನ ವಾಸನೆ ಇತ್ತು. ಅದೇ ಬೆರಳಿನಲ್ಲಿ ಪೆನ್ನು ಹಿಡಿದು ಅದೇ ಕೆಲಸದ ವಿವರ ಬರೆಯುತ್ತಿದ್ದಾರೆ. ಇದು ನಮ್ಮ ಮನೆಯ ಕೆಲಸ ಅಂತ ಒಬ್ಬನಿಗೂ ಗೊತ್ತಾಗಲಿಲ್ಲ.

ಮೂರು ವಾರ ಬಿಟ್ಟು ಟೆಸ್ಟು. ಪ್ರಶ್ನೆ — ಎಲೆಯ ಕಾರ್ಯಗಳನ್ನು ವಿವರಿಸಿ. ಮೂವತ್ತೊಂಬತ್ತು ಮಂದಿ ಬರೆದರು, ಎಲೆ ಆಹಾರ ತಯಾರಿಸುತ್ತದೆ, ನೀರನ್ನು ಹೊರಗೆ ಬಿಡುತ್ತದೆ, ಆಮೇಲೆ ತಟ್ಟೆಯನ್ನು ಚೊಕ್ಕಟ ಮಾಡಬೇಕು!

ನೀವು ನಗುತ್ತಿದ್ದೀರಿ, ನಗಿ, ತಪ್ಪೇನಿಲ್ಲ. ಆವತ್ತು ಅಧ್ಯಾಪಕರ ಕೊಠಡಿಯಲ್ಲಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಶಿವರುದ್ರಸ್ವಾಮಿಯವರು ಉತ್ತರಪತ್ರಿಕೆಯ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ನಗು ನಿಂತ ಮೇಲೆ ನನ್ನ ಕಡೆ ತಿರುಗಿ ಹೇಳಿದರು — ಈ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

"ನಗ್ಬೇಡಿ ಮೇಷ್ಟ್ರೇ. ಆ ಮಕ್ಳಿಗೆ ಗೊತ್ತಾಗ್ನಿಲ್ಲ, ಸರಿ. ನಂಗೇನಾಗಿತ್ತು? ನನ್ ಬಾಯಿಂದ್ಲೇ ಬಂತಲ್ಲ. ಒಂದಿನಾದ್ರೂ ನಾನ್ ಓದೋದ್ನ ನಾನ್ ಕೇಳುಸ್ಕೊಂಡಿದ್ನಾ?"

ಮಾರನೆಯ ದಿನ ಅವರು ಕ್ಲಾಸಿಗೆ ಹೋಗಿ ಆ ಹಾಳೆಯನ್ನು ಕನ್ನಡದಲ್ಲಿ ಹೇಳಿದರು. ಆಮೇಲೆ ಹಿಂದಿನ ಬೆಂಚಿನಿಂದ ಬಿಳಿಗಿರಿ ಅನ್ನುವ ಹುಡುಗ ಎದ್ದು ನಿಂತ. ಇಲ್ಲೇ ಇದ್ದಾನೆ ಬಿಳಿಗಿರಿ, ಈಗ ಹೈಸ್ಕೂಲ್ ಮೇಷ್ಟ್ರು. "ಸಾ, ಇದು ಉಳ ಸಾಕೋದಲ್ವಾ? ಬೆಳಿಗ್ಗೆ ನಮ್ಮವ್ವಂಗೆ ಸೊಪ್ಪು ಎಚ್ಕೊಟ್ಟು ಬಂದಿವ್ನಿ!" ಅಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಷ್ಟ್ರೂ ನಕ್ಕರು. ಹಾಗೆ ಬರೆದಿದ್ದ ಮೂವತ್ತೊಂಬತ್ತು ಮಂದಿಗೂ ಆ ಪ್ರಶ್ನೆಗೆ ಪೂರ್ತಿ ಅಂಕ ಕೊಟ್ಟರು. "ನಾನು ಯೇಳ್ದಂಗೇ ನೀವು ಬರ್ದಿದ್ದೀರಿ, ತಪ್ಪು ನಂದು" ಅಂದರು.

ಆವತ್ತಿನಿಂದ ಅವರ ಕ್ಲಾಸು ಬದಲಾಯಿತು. ಮೊದಲು ಅರ್ಧ ಗಂಟೆ ಇಂಗ್ಲಿಷಿನಲ್ಲಿ ಪಾಠ. ಆಮೇಲೆ ಎಲ್ಲರ ಪುಸ್ತಕ ಮುಚ್ಚಿಸಿ ಒಬ್ಬನನ್ನು ಎಬ್ಬಿಸಿ, "ಈಗ್ ನಾನು ಯೇಳಿದ್ದ ನಿಮ್ಮವ್ವಂಗೆ ಯೇಳು" ಅನ್ನುವರು. ಅವನು ತನ್ನ ಮನೆಯ ಮಾತಿನಲ್ಲಿ ಹೇಳಬೇಕು. ಹೇಳಲು ಬರಲಿಲ್ಲ ಅನ್ನಿ, ಅವನನ್ನು ಬೈಯುತ್ತಿರಲಿಲ್ಲ, ತಾವೇ ಮತ್ತೆ ಮೊದಲಿನಿಂದ ಪಾಠ ಮಾಡುವರು. ಕೊನೆಗೆ ಪ್ರತಿಯೊಬ್ಬರೂ ಹತ್ತು ವಾಕ್ಯ ಬರೆಯಬೇಕು — ಇಂಗ್ಲಿಷಿನಲ್ಲಿ, ಸ್ವಂತದ್ದು, ನೋಟ್ಸಿನದು ಒಂದೂ ಇರಕೂಡದು. ಅವರು ಇಂಗ್ಲಿಷಿನ ವೈರಿಯಾಗಿರಲಿಲ್ಲ. ಇದನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಯಾಕೆಂದರೆ ನನ್ನ ಪತ್ರದಲ್ಲಿ ನಾನು ಅವರನ್ನು ಹಾಗೆ ಬಣ್ಣಿಸಿದ್ದೆ.

ಪವಾಡವೇನೂ ನಡೆಯಲಿಲ್ಲ. ಆ ವರ್ಷ ಸಸ್ಯಶಾಸ್ತ್ರದಲ್ಲಿ ಹಿಂದಿನ ವರ್ಷಕ್ಕಿಂತ ಆರು ಮಂದಿ ಹೆಚ್ಚಿಗೆ ಪಾಸಾದರು, ಅಷ್ಟೇ. ಪಾಸಾಗದವರೂ ಇದ್ದರು, ಬಹಳ ಮಂದಿಯೇ ಇದ್ದರು.

ಈಗ ಪತ್ರದ ವಿಷಯ. ನನ್ನ ಕೊಠಡಿಗೂ ಅವರ ಕೊಠಡಿಗೂ ನಡುವೆ ಆಗ ಗೋಡೆ ಇರಲಿಲ್ಲ, ಹಲಗೆಯ ಅಡ್ಡ ಇತ್ತು. ಹಳಬರಿಗೆ ಗೊತ್ತು. ಆ ಕಡೆಯ ಕನ್ನಡ, ಆ ಕಡೆಯ ನಗು ಎಲ್ಲ ಈ ಕಡೆಗೆ ಕೇಳಿಸುತ್ತಿತ್ತು. ಅರವತ್ತೇಳರ ಜೂನ್ ತಿಂಗಳಲ್ಲಿ ನಾನು ಆಗಿನ ಪ್ರಿನ್ಸಿಪಾಲರಿಗೆ ಒಂದು ಪತ್ರ ಬರೆದೆ. ಇಂಗ್ಲಿಷಿನಲ್ಲಿ. ಸಸ್ಯಶಾಸ್ತ್ರದ ಅಧ್ಯಾಪಕರು ಹಳ್ಳಿಯ ಆಡುಮಾತಿನಲ್ಲಿ ಪಾಠ ಮಾಡುತ್ತಿದ್ದಾರೆ, ಇದರಿಂದ ಮಕ್ಕಳ ಇಂಗ್ಲಿಷು ಕೆಡುತ್ತದೆ, ವಿಶ್ವವಿದ್ಯಾನಿಲಯದ ತನಿಖಾ ಸಮಿತಿ ಬಂದರೆ ಕಾಲೇಜಿನ ಮಾನ ಹೋಗುತ್ತದೆ. ಕೊನೆಯ ಸಾಲು — ಇದನ್ನು ನಾನು ಮಕ್ಕಳ ಒಳ್ಳೆಯದಕ್ಕಾಗಿ ಮಾತ್ರ ಬರೆಯುತ್ತಿದ್ದೇನೆ.

ಆಗಸ್ಟಿನಲ್ಲಿ ಅವರನ್ನು ಲೈಬ್ರರಿಗೆ ಹಾಕಿದರು. ಅವರ ಜಾಗಕ್ಕೆ ಬಂದವರು ನೋಟ್ಸ್ ಓದಿದರು. ಮತ್ತೆ 'ಎಸ್ ಸಾ' ಶುರುವಾಯಿತು.

ಆ ವರ್ಷ ಹೂಗ್ಯಂನಿಂದ ರಂಗನಾಯಕ ಅನ್ನುವ ಹುಡುಗ ಬಂದಿದ್ದ. ಕಾಡಂಚಿನ ಊರು, ಅವನ ಮನೆಯಲ್ಲಿ ಹೈಸ್ಕೂಲು ಮುಗಿಸಿದವನು ಅವನೊಬ್ಬನೇ. ಶಿವರುದ್ರಸ್ವಾಮಿಯವರ ಕೈಯಲ್ಲಿ ಅವನಿಗೆ ಪಾಠ ಸಿಕ್ಕಿದ್ದು ಆರೇ ವಾರ. ದಸರಾ ರಜೆಗೆ ಹೋದವನು ವಾಪಸು ಬರಲಿಲ್ಲ. ಮೂರು ವರ್ಷ ಬಿಟ್ಟು ಹನೂರಿನ ಸಂತೆಯಲ್ಲಿ ಸಿಕ್ಕಿದ. ನಾನು ಗುರುತು ಹಿಡಿಯಲಿಲ್ಲ, ಅವನೇ ಬಂದು ಮಾತಾಡಿಸಿದ. ಯಾಕಪ್ಪ ಓದು ಬಿಟ್ಟೆ ಎಂದು ಕೇಳಿದೆ. "ಬೇರಿನ ಪಾಠ ಈಗ್ಲೂ ಬತ್ತದೆ ಸಾ, ಕೇಳಿ ಬೇಕಾರೆ ಯೇಳ್ತೀನಿ. ಅದಾದ್ಮೇಕೆ ಯೇಳ್ಕೊಟ್ಟಿದ್ದು ಒಂದೂ ತಲೆಗೆ ಓಗ್ನಿಲ್ಲ. ಸುಮ್ನೆ ಕುಂತಿರಕ್ಕೆ ನಾಚ್ಕೆ ಆಯ್ತು, ಓಗ್ಬುಟ್ಟೆ" ಅಂದ. ನಾನು ಏನೋ ಸಮಾಧಾನ ಹೇಳಿ ಬಸ್ಸು ಹತ್ತಿದೆ.

ಲೈಬ್ರರಿಯಲ್ಲಿ ಶಿವರುದ್ರಸ್ವಾಮಿಯವರು ಏನು ಮಾಡಿದರು ಅನ್ನುವುದನ್ನು ಇಲ್ಲಿರುವ ವಿದ್ಯಾರ್ಥಿಗಳು ನನಗಿಂತ ಚೆನ್ನಾಗಿ ಬಲ್ಲಿರಿ. ಕಿಟಕಿಯ ಹತ್ತಿರದ ಆ ಉದ್ದ ಮೇಜು. ಸಂಜೆ ನಾಲ್ಕರ ಮೇಲೆ ಅಲ್ಲಿ ಕೂರಲು ಜಾಗ ಇರುತ್ತಿರಲಿಲ್ಲ. ಭೌತಶಾಸ್ತ್ರ, ಚರಿತ್ರೆ, ಅರ್ಥಶಾಸ್ತ್ರ — ಯಾರ ಕ್ಲಾಸಿನದಾದರೂ ಸರಿ, ನೋಟ್ಸ್ ಹಿಡಿದುಕೊಂಡು ಬರುವುದು, ಅವರ ಎದುರು ಕೂತು ಮನೆಯ ಮಾತಿನಲ್ಲಿ ಹೇಳುವುದು. ಗೋಡೆಯ ಮೇಲೆ ಮೌನವಾಗಿರಿ ಎಂಬ ಬೋರ್ಡು, ಕೆಳಗೆ ಇಪ್ಪತ್ತು ಮಕ್ಕಳ ಪಿಸುಪಿಸು. ಅರ್ಥಶಾಸ್ತ್ರ ಅವರಿಗೇ ಬರುತ್ತಿರಲಿಲ್ಲ, ಮಕ್ಕಳ ಜೊತೆ ಕೂತು ಅವರೂ ಕಲಿತರು.

ನನ್ನ ಜೊತೆ ಹೇಗಿದ್ದರು ಗೊತ್ತೇ? ಮದರಾಸಿನಿಂದ ಬರುವ ಇಂಗ್ಲಿಷ್ ಪೇಪರನ್ನು ನನಗೆಂದು ತೆಗೆದಿಡುತ್ತಿದ್ದರು. ಆರು ವರ್ಷ, ಒಂದು ದಿನವೂ ತಪ್ಪಲಿಲ್ಲ. ನಾನು ಹೋದರೆ, "ಬನ್ನಿ ಮೇಷ್ಟ್ರೇ, ಇಲ್ಲಿ ಮಡ್ಗಿದ್ದೀನಿ" ಅನ್ನುವರು. ಪಾಪ, ಇವರಿಗೆ ಗೊತ್ತಿಲ್ಲ ಎಂದುಕೊಂಡೆ. ಗೊತ್ತಿದ್ದರೆ ಹೀಗೆ ಇರಲು ಸಾಧ್ಯವೇ? ಹೇಳಿಬಿಡೋಣ ಎಂದು ಎರಡು ಮೂರು ಸಲ ಹೋದೆ. ಪೇಪರು ಓದಿ ಎದ್ದು ಬಂದೆ. ಆಸ್ಪತ್ರೆಗೂ ಹೋಗಿದ್ದೆ, ಅಲ್ಲೂ ಹೇಳಲಿಲ್ಲ. ಗುಣವಾಗಿ ಬರಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡೆ.

ಮಣ್ಣು ಮಾಡಿ ವಾಪಸು ಬರುವಾಗ ಬಿಳಿಗಿರಿ ನನ್ನ ಪಕ್ಕದಲ್ಲಿ ನಡೆಯುತ್ತಿದ್ದ. ಅರ್ಧ ದಾರಿಯಲ್ಲಿ ಅವನೇ ಮಾತು ತೆಗೆದ.

"ಸಾ, ನಾನು ಡಿಗ್ರಿ ಮೊದಲ್ನೇ ವರ್ಸದಲ್ಲಿದ್ದಾಗ ಲೈಬ್ರರೀಲಿ ಮೇಷ್ಟ್ರು ನಮ್ಗೆ ಒಂದು ಕಾಗ್ದ ಕೊಟ್ಟಿದ್ರು. ಇಂಗ್ಲಿಸ್ ಕಾಗ್ದ. ಕೆಳ್ಗಡೆ ಸಹಿ ಇರೋ ಜಾಗ ಅರ್ದು ತೆಗ್ದಿದ್ರು. 'ಒಳ್ಳೆ ಇಂಗ್ಲಿಸ್ ಕಣ್ರಪ್ಪಾ ಇದು, ಒಂದ್ ಮಾತು ಎಚ್ಚಿಲ್ಲ, ಒಂದ್ ಮಾತು ಕಮ್ಮಿ ಇಲ್ಲ, ಏನ್ ಬರ್ದವ್ರೆ ಯೇಳಿ ನೋಡಾನ' ಅಂದ್ರು. ಒಂದೊಂದೇ ಸಾಲು ಕನ್ನಡದಲ್ಲಿ ಯೇಳ್ಕೊಂಡು ಬಂದೊ. ಓಯ್ತಾ ಓಯ್ತಾ ಗೊತ್ತಾಯ್ತು ಸಾ, ಇದು ನಮ್ ಮೇಷ್ಟ್ರ ಮೇಲಿನ್ ದೂರು ಅಂತ."

ಪ್ರಿನ್ಸಿಪಾಲರು ಅವರಿಂದ ಲಿಖಿತ ಸಮಜಾಯಿಷಿ ಕೇಳುವಾಗ ನನ್ನ ಪತ್ರವನ್ನೇ ಜೊತೆಗೆ ಕೊಟ್ಟಿರಬೇಕು. ಅಂದರೆ ಮೊದಲ ದಿನದಿಂದ ಅವರಿಗೆ ಗೊತ್ತು. ಆ ಆರು ವರ್ಷವೂ, ಪೇಪರು ತೆಗೆದಿಟ್ಟ ಅಷ್ಟೂ ದಿನವೂ ಗೊತ್ತು.

"ಸಹಿ ಇಲ್ಲವಲ್ಲ, ಬರೆದವರು ಯಾರು ಅಂತ ನಿಮಗೆ ಹೇಳಿದರೇನಪ್ಪ?" ಎಂದೆ.

"ಇಲ್ಲ ಸಾ. ಆದ್ರೆ ಅಕ್ಸರ ಗೊತ್ತಾಯ್ತಲ್ಲ. ನಮ್ ಕಾಂಪೋಸಿಸನ್ ಬುಕ್ಕುಗಳ ತುಂಬಾ ಅದೇ ಕೈಬರಹ. ಮೇಷ್ಟ್ರು ಮುಚ್ಚಿಟ್ಟವ್ರೆ, ಇರ್ಲಿ ಅಂತ ನಾವೂ ಸುಮ್ನಾದೊ."

ಕೇಳಿದಿರಾ? ಕಾಂಪೋಸಿಷನ್ ಪುಸ್ತಕ ತಿದ್ದುವ ಮೇಷ್ಟ್ರ ಕೈಬರಹ ಮಕ್ಕಳಿಗೆ ಗೊತ್ತಿರುತ್ತದೆ ಅನ್ನುವುದನ್ನು ಆ ದೊಡ್ಡ ಮನುಷ್ಯ ಮರೆತರು. ಹಾಗಾಗಿ, ಹಿಂದಿನ ಸಾಲುಗಳಲ್ಲಿ ಕೂತಿರುವ ಹಳೆಯ ವಿದ್ಯಾರ್ಥಿಗಳೇ, ನಾನು ಇವತ್ತು ಒಪ್ಪಿಕೊಂಡದ್ದು ನಿಮ್ಮಲ್ಲಿ ಎಷ್ಟೋ ಮಂದಿಗೆ ಹಳೆಯ ಸುದ್ದಿ. ಗೊತ್ತಿದ್ದೂ ದಾರಿಯಲ್ಲಿ ಸಿಕ್ಕಾಗಲೆಲ್ಲ ನನಗೆ ನಮಸ್ಕಾರ ಮಾಡಿದಿರಿ.

ಬಿಳಿಗಿರಿಯ ಮಾತು ಇನ್ನೂ ಇತ್ತು. ಆ ಪತ್ರಕ್ಕೆ ಹತ್ತು ವಾಕ್ಯದಲ್ಲಿ ಇಂಗ್ಲಿಷಿನಲ್ಲಿ ಉತ್ತರ ಬರೆಯಿರಿ ಎಂದು ಮೇಷ್ಟ್ರು ಹೇಳಿದರಂತೆ. ಮಕ್ಕಳು ಸಿಟ್ಟಿನಿಂದ ಬರೆದರು, ನನ್ನನ್ನು ಬಾಯಿಗೆ ಬಂದಂತೆ ಬೈದು ಬರೆದರು. ಇವರು ಬೈಗುಳವನ್ನೆಲ್ಲ ಹೊಡೆದುಹಾಕಿ, ಹಾಳೆಗಳನ್ನು ವಾಪಸು ಕೊಟ್ಟು ಹೇಳಿದರಂತೆ, "ಕೊನೇ ಸಾಲು ಓದಿ. ಮಕ್ಳ ಒಳ್ಳೇದಕ್ಕೆ ಬರ್ದೆ ಅಂತ ಆ ಮನುಷ್ಯ್ರೇ ಯೇಳವ್ರೆ. ಅದ್ನ ನಂಬ್ಕೊಂಡು ಉತ್ತರ ಬರೀರಿ."

ಸಭಿಕರೇ — ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಸ್ವಲ್ಪ ಉಳಿಯುತ್ತಿತ್ತು. ಸದಾಶಿವಪ್ಪ ತಪ್ಪು ಮಾಡಿದ, ಆದರೆ ಮಕ್ಕಳ ಇಂಗ್ಲಿಷಿನ ಕಾಳಜಿಯಿಂದ ಮಾಡಿದ ಎಂದುಕೊಂಡು ನೀವು ಮನೆಗೆ ಹೋಗುತ್ತಿದ್ದಿರಿ. ಬಿಳಿಗಿರಿಯ ಮಾತು ಕೇಳಿದ ಮೇಲೆ ಹಾಗೆ ನಿಲ್ಲಿಸಲು ನನ್ನಿಂದ ಆಗುತ್ತಿಲ್ಲ. ಅವರು ನಂಬಿದ ಆ ಸಾಲು ಸುಳ್ಳು.

ನಡೆದದ್ದು ಇದು. ಆ ಜೂನ್ ತಿಂಗಳ ಒಂದು ಮಧ್ಯಾಹ್ನ ನಾನು ಆರ್ಟ್ಸ್ ಮಕ್ಕಳಿಗೆ ಇಂಗ್ಲಿಷ್ ಗದ್ಯ ಓದುತ್ತಿದ್ದೆ. ಹಲಗೆಯ ಪಕ್ಕದಲ್ಲಿ ಕೂತಿದ್ದ ಒಬ್ಬ ಹುಡುಗಿ ತಲೆ ತಗ್ಗಿಸಿ ಬಹಳ ಆಸಕ್ತಿಯಿಂದ ಏನೋ ಬರೆಯುತ್ತಿದ್ದಳು. ನನ್ನ ಪಾಠವನ್ನು ಇಷ್ಟು ಆಸಕ್ತಿಯಿಂದ ಯಾರೂ ಬರೆದುಕೊಂಡದ್ದಿಲ್ಲ. ಸಂತೋಷದಿಂದ ಹತ್ತಿರ ಹೋಗಿ ಪುಸ್ತಕ ತೆಗೆದು ನೋಡಿದೆ. ಬೇರು ನೀರನ್ನು ಹೇಗೆ ಕುಡಿಯುತ್ತದೆ ಎಂದು ಕನ್ನಡದಲ್ಲಿ ಬರೆದಿದ್ದಳು. ಅವಳಿಗೆ ಸಸ್ಯಶಾಸ್ತ್ರ ಪಾಠವೇ ಇಲ್ಲ, ಪರೀಕ್ಷೆಯೂ ಇಲ್ಲ. ಹಲಗೆಯ ಆ ಕಡೆಯಿಂದ ಕೇಳಿಸಿತು, ಅರ್ಥವಾಯಿತು, ಅದಕ್ಕೇ ಬರೆದುಕೊಂಡಳು. ಆವತ್ತು ಸಂಜೆ ಮನೆಗೆ ಹೋದವನೇ ನಾನು ಆ ಪತ್ರ ಬರೆದೆ. ಆವತ್ತು ನನ್ನ ತಲೆಯಲ್ಲಿ ಮಕ್ಕಳ ಒಳ್ಳೆಯದೂ ಇರಲಿಲ್ಲ, ಇಂಗ್ಲಿಷಿನ ಒಳ್ಳೆಯದೂ ಇರಲಿಲ್ಲ.

ಚನ್ನಮಲ್ಲಮ್ಮನವರೇ, ತಾಯಿ, ನಾನು ಹೇಳಿದ್ದರಲ್ಲಿ ಯಾವುದಾದರೂ ನಿಮಗೆ ತಿಳಿಯದೆ ಹೋಗಿದ್ದರೆ ಇನ್ನೊಂದು ಸಲ ಹೇಳುತ್ತೇನೆ. ನಿಮ್ ಮಗ ಪಾಠ ಮಾಡೋದ್ನ ನಿಲ್ಸಿದ್ದು ನಾನು. ಒಟ್ಟೆಕಿಚ್ಚಿಂದ ನಿಲ್ಸ್ದೆ. ನಾನು ಒಳ್ಳೇವ್ನು ಅನ್ಕೊಂಡೇ ಅವ್ರು ತೀರ್ಕೊಂಡ್ರು.

ನನ್ನ ಮಾತು ಮುಗಿಯಿತು. ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ, ಎರಡು ನಿಮಿಷ ಶಿವರುದ್ರಸ್ವಾಮಿಯವರನ್ನು ಮೌನವಾಗಿ ನೆನೆಯೋಣ. ತಾಯಿ, ಶಂಕರಮ್ಮನವರೇ — ನೀವಿಬ್ಬರೂ ಕೂತೇ ಇರಿ. ನಿಲ್ಲಬೇಕಾದವರು ನಾವು.